ಕಾಗೆ ‘ತಾದೆ’ ಆದಾಗ

ಮೂರು ವರ್ಷದ ಮಗು ಕಾಂಪೌಂಡಿನ ಮೇಲೆ ಕೂತ ಕಾಗೆಯನ್ನು ತೋರಿಸಿ ‘ತಾದೆ, ತಾದೆ’ ಎಂದು ಕೂಗುತ್ತದೆ. ಮನೆಮಂದಿಯೆಲ್ಲ ನಗುತ್ತಾರೆ. ಅಜ್ಜಿ ಮತ್ತೆ ಮತ್ತೆ ಹೇಳಿಸಿ ಖುಷಿಪಡುತ್ತಾರೆ. ಬಂದ ನೆಂಟರ ಮುಂದೆಯೂ ಒಂದು ಸಲ ಪ್ರದರ್ಶನ ಆಗುತ್ತದೆ. ಅದೇ ಮಗು ಆರು ವರ್ಷದ್ದಾಗಿ, ಒಂದನೆಯ ತರಗತಿಯಲ್ಲಿ ಎದ್ದು ನಿಂತು ‘ತಾದೆ’ ಎಂದು ಓದಿದರೆ ಆಗ ನಗುವವರೇ ಬೇರೆ, ಆ ನಗುವಿನ ಬಗೆಯೇ ಬೇರೆ. ಈ ಮೂರು ವರ್ಷಗಳ ನಡುವೆ ಎಲ್ಲಿಯವರೆಗೆ ಕಾಯಬಹುದು, ಎಲ್ಲಿಂದ ಮುಂದೆ ಕಾಯಬಾರದು, ಕಾಯುತ್ತಿರುವಾಗ ಮನೆಯವರು ಏನು ಮಾಡಬೇಕು ಎಂಬುದು ಬಹಳಷ್ಟು ತಂದೆ ತಾಯಿಯರಿಗೆ ಗೊತ್ತಿರುವುದಿಲ್ಲ. ‘ದೊಡ್ಡವನಾದ ಮೇಲೆ ಸರಿಹೋಗುತ್ತೆ ಬಿಡಿ’ ಎನ್ನುವವರು ಒಂದು ಕಡೆ. ‘ನಾಲಿಗೆ ದಪ್ಪ ಇದೆ, ಡಾಕ್ಟರ ಹತ್ತಿರ ಕತ್ತರಿಸಿಕೊಂಡು ಬನ್ನಿ’ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ಕೆಲವೊಮ್ಮೆ ನಿಜ, ಬಹಳ ಸಲ ಅಲ್ಲ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ‘ತೊದಲು’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ತೊಂದರೆಗಳಿಗೆ ಬಳಸುತ್ತೇವೆ. ‘ನ...ನ...ನನಗೆ’ ಎಂದು ಮಾತು ತಡೆದು ತಡೆದು ಬರುವುದು ಉಗ್ಗು. ಅದು ಮಾತಿನ ಓಟಕ್ಕೆ ಸಂಬಂಧಿಸಿದ್ದು. ಮಾತು ಸರಾಗವಾಗಿ ಓಡುತ್ತಿದ್ದರೂ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಅಕ್ಷರ ಬರುವುದು, ಅಥವಾ ಅಕ್ಷರವೇ ಬಿಟ್ಟುಹೋಗುವುದು ಉಚ್ಚಾರಣೆಯ ತೊಂದರೆ. ಎರಡಕ್ಕೂ ಚಿಕಿತ್ಸೆ ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು.

ವರ್ಣಮಾಲೆಯೇ ಬಾಯಿಯ ನಕ್ಷೆ

ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ತಮ್ಮನದೋ ತಂಗಿಯದೋ ಒಂದನೆಯ ತರಗತಿಯ ಪುಸ್ತಕ ತೆಗೆದು ಕ ಖ ಗ ಘ ಙ ಇರುವ ಪುಟ ನೋಡಿ. ಬಾಯಿಪಾಠ ಮಾಡಿ ಮರೆತುಬಿಟ್ಟಿರುವ ಆ ಕೋಷ್ಟಕ ನಮ್ಮ ಬಾಯಿಯ ನಕ್ಷೆ. ಇದನ್ನು ಜೋಡಿಸಿದವರು ನಿಜಕ್ಕೂ ವಿಜ್ಞಾನಿಗಳು. ಮೆಂಡಲೀಫನ ಆವರ್ತ ಕೋಷ್ಟಕಕ್ಕಿಂತ ಎಷ್ಟೋ ಶತಮಾನ ಹಿಂದಿನ ಕೋಷ್ಟಕ ಇದು. ಮೇಲಿನ ಸಾಲಿನಿಂದ ಕೆಳಗೆ ಬರುತ್ತ ಹೋದರೆ ನಾಲಿಗೆ ಗಂಟಲ ಕಡೆಯಿಂದ ತುಟಿಯ ಕಡೆಗೆ ಬರುತ್ತದೆ. ಕ ವರ್ಗದಲ್ಲಿ ನಾಲಿಗೆಯ ಹಿಂಭಾಗ ಎದ್ದು ಮೆತ್ತನೆಯ ಅಂಗುಳಕ್ಕೆ ತಾಗುತ್ತದೆ. ಚ ವರ್ಗದಲ್ಲಿ ನಾಲಿಗೆಯ ಮುಂದಿನ ಹಾಳೆಯಂಥ ಭಾಗ ಗಟ್ಟಿ ಅಂಗುಳಕ್ಕೆ, ಟ ವರ್ಗದಲ್ಲಿ ತುದಿ ಹಿಂದಕ್ಕೆ ಮಡಚಿ ಮೇಲಕ್ಕೆ, ತ ವರ್ಗದಲ್ಲಿ ತುದಿ ಹಲ್ಲಿಗೆ. ಪ ವರ್ಗಕ್ಕೆ ಬರುವ ಹೊತ್ತಿಗೆ ನಾಲಿಗೆಗೆ ಕೆಲಸವೇ ಇಲ್ಲ, ಎರಡು ತುಟಿಗಳದೇ ಕೆಲಸ.

ಅಡ್ಡಸಾಲಿನಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಮೊದಲ ಮನೆಯ ಕ, ಚ, ಟ, ತ, ಪಗಳನ್ನು ಹೇಳುವಾಗ ಧ್ವನಿಪೆಟ್ಟಿಗೆಯ ತಂತುಗಳು ಕಂಪಿಸುವುದಿಲ್ಲ. ಮೂರನೆಯ ಮನೆಯ ಗ, ಜ, ಡ, ದ, ಬಗಳಲ್ಲಿ ಕಂಪಿಸುತ್ತವೆ. ಎರಡನೆಯ ಮತ್ತು ನಾಲ್ಕನೆಯ ಮನೆಯಲ್ಲಿ ಉಸಿರು ಹೆಚ್ಚು; ಮಹಾಪ್ರಾಣ. ಕೊನೆಯ ಮನೆಯಲ್ಲಿ ಗಾಳಿ ಮೂಗಿನಿಂದ ಹೊರಗೆ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ‘ಪಾಪ’ ಎನ್ನಿ. ಏನೂ ವ್ಯತ್ಯಾಸ ಆಗುವುದಿಲ್ಲ. ಹಾಗೇ ಹಿಡಿದುಕೊಂಡು ‘ಮಾಮ’ ಎನ್ನಿ. ‘ಬಾಬ’ ಎಂದು ಕೇಳುತ್ತದೆ! ಮೂಗಿನ ದಾರಿ ಮುಚ್ಚಿದರೆ ಐದನೆಯ ಮನೆಯ ಅಕ್ಷರ ಮೂರನೆಯ ಮನೆಗೆ ಹೋಗುತ್ತದೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಶಬ್ದ ಹುಟ್ಟುವುದನ್ನು ಕಹಳೆಗೆ ಹೋಲಿಸಿದ್ದಾನೆ. ಊದುವ ಗಾಳಿ ಒಂದೇ. ಅದು ಹಾದುಹೋಗುವ ಕೊಳವೆಯ ಆಕಾರ ಬದಲಾದಂತೆ ನಾದ ಬೇರೆ.

ಈಗ ನಮ್ಮ ಮಗುವಿನ ‘ತಾದೆ’ಯನ್ನು ಈ ಕೋಷ್ಟಕದ ಮೇಲೆ ಇಟ್ಟು ನೋಡಿ. ‘ಕ’ ಇದ್ದಲ್ಲಿ ‘ತ’ ಬಂದಿದೆ. ‘ಗ’ ಇದ್ದಲ್ಲಿ ‘ದ’ ಬಂದಿದೆ. ಕ ಮೊದಲ ಮನೆ, ತ ಕೂಡ ಮೊದಲ ಮನೆ. ಗ ಮೂರನೆಯ ಮನೆ, ದ ಕೂಡ ಮೂರನೆಯ ಮನೆ. ಅಂದರೆ ಮಗು ಬಾಯಿಗೆ ಬಂದದ್ದನ್ನು ಹೇಳುತ್ತಿಲ್ಲ. ಕಂಪನ ಬೇಕಾದ ಕಡೆ ಕಂಪನ ಇದೆ, ಬೇಡವಾದ ಕಡೆ ಇಲ್ಲ. ನಾಲಿಗೆಯ ಹಿಂಭಾಗ ಎತ್ತಬೇಕಾದ ಕಡೆಯೆಲ್ಲ ತುದಿಯನ್ನು ಎತ್ತುತ್ತಿದೆ, ಅಷ್ಟೆ. ನಿಯಮ ತಪ್ಪಿರಬಹುದು, ಆದರೆ ನಿಯಮ ಇದೆ. ಇದನ್ನು ಸೋಮಾರಿತನ, ಹಟ, ಮುದ್ದು ಹೆಚ್ಚಾದದ್ದು ಎಂದು ಬೈಯುವವರು ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕು.

ಇನ್ನೊಂದು ಸ್ವಾರಸ್ಯ. ‘ತಾದೆ’ ಎನ್ನುವ ಮಗುವಿಗೆ ನೀವೂ ‘ಹೌದು ಪುಟ್ಟಾ, ತಾದೆ’ ಎಂದು ನೋಡಿ. ಎಷ್ಟೋ ಮಕ್ಕಳು ಸಿಟ್ಟಾಗುತ್ತವೆ. ‘ತಾದೆ ಅಲ್ಲ, ತಾದೆ!’ ಎಂದು ತಿದ್ದುತ್ತವೆ. ತಾನು ಹೇಳುವುದು ಬೇರೆ, ತನ್ನ ಮನಸ್ಸಿನಲ್ಲಿರುವುದು ಬೇರೆ. ಅಮೆರಿಕದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ಮನೋವಿಜ್ಞಾನಿಗಳು 1960ರಲ್ಲಿ ಇಂಥದೇ ಪ್ರಸಂಗವನ್ನು ದಾಖಲಿಸಿದರು. ಮೀನಿಗೆ ‘ಫಿಶ್’ ಎನ್ನಲಾಗದೆ ‘ಫಿಸ್’ ಎನ್ನುತ್ತಿದ್ದ ಮಗು, ದೊಡ್ಡವರು ‘ಫಿಸ್’ ಎಂದರೆ ಒಪ್ಪಲೇ ಇಲ್ಲ. ‘ಫಿಶ್’ ಎಂದಾಗ ಮಾತ್ರ ತಲೆಯಾಡಿಸಿತು. ಇಂಥ ಮಗುವಿನ ಕಿವಿ ಮುಂದೆ ಓಡಿದೆ, ನಾಲಿಗೆ ಹಿಂದೆ ಉಳಿದಿದೆ.

ಯಾವ ವಯಸ್ಸಿಗೆ ಎಷ್ಟು?

ಆರೇಳು ತಿಂಗಳ ನಂತರ ಮಗು ‘ಬಬಬ’, ‘ಮಮಮ’, ‘ದದದ’ ಎನ್ನತೊಡಗುತ್ತದೆ. ಒಂದು ವರ್ಷದ ಹೊತ್ತಿಗೆ ಒಂದೆರಡು ಪದ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಎಂಬ ಎರಡು ಪದದ ವಾಕ್ಯ. ಪರಿಚಯವಿಲ್ಲದವರು ಬಂದರೆ ಎರಡು ವರ್ಷದ ಮಗುವಿನ ಮಾತಿನಲ್ಲಿ ಸುಮಾರು ಅರ್ಧ, ಮೂರು ವರ್ಷದ್ದರಲ್ಲಿ ಮುಕ್ಕಾಲು, ನಾಲ್ಕು ವರ್ಷದ್ದರಲ್ಲಿ ಹೆಚ್ಚು ಕಡಿಮೆ ಎಲ್ಲ ಅರ್ಥವಾಗಬೇಕು ಎಂಬುದು ತಜ್ಞರು ಬಹಳ ಕಾಲದಿಂದ ಬಳಸುತ್ತಿರುವ ಸ್ಥೂಲ ಲೆಕ್ಕ. ಇಲ್ಲಿ ‘ಪರಿಚಯವಿಲ್ಲದವರು’ ಎಂಬುದು ಮುಖ್ಯ. ತಾಯಿಗೆ ಎಲ್ಲವೂ ಅರ್ಥವಾಗುತ್ತದೆ. ತಾಯಿ ಒಳ್ಳೆಯ ದುಭಾಷಿ, ಆದರೆ ಒಳ್ಳೆಯ ಪರೀಕ್ಷಕಿ ಅಲ್ಲ. ಊರಿನಿಂದ ಅಪರೂಪಕ್ಕೆ ಬರುವ ಚಿಕ್ಕಪ್ಪನಿಗೋ ಹಾಲಿನವನಿಗೋ ಎಷ್ಟು ಅರ್ಥವಾಯಿತು ಎಂದು ಕೇಳಿ.

ಅಕ್ಷರಗಳೂ ಒಂದೇ ಸಲ ಬರುವುದಿಲ್ಲ. ಸ್ವರಗಳು, ತುಟಿಯ ಪ, ಬ, ಮ, ಹಲ್ಲಿನ ತ, ದ, ನ ಬೇಗ ಬರುತ್ತವೆ. ರ, ಶ ಮತ್ತು ಒತ್ತಕ್ಷರಗಳು ತಡ. ‘ನೀರು’ ಎನ್ನಲು ‘ನೀಲು’ ಎನ್ನುವ, ‘ಬಸ್ಸು’ ಎನ್ನಲು ‘ಬತ್ತು’ ಎನ್ನುವ, ‘ಕ್ರಿಕೆಟ್’ ಎನ್ನಲು ‘ಕಿಕೆಟ್’ ಎನ್ನುವ ಮೂರು ವರ್ಷದ ಮಗುವಿನ ಬಗ್ಗೆ ಗಾಬರಿ ಬೇಡ. ಆದರೆ ‘ರ’ ತಡವಾಗಿ ಬರುವ ಅಕ್ಷರ ಎಂದು ಎಂಟು ಹತ್ತು ವರ್ಷದವರೆಗೂ ಕೂರುವ ಹಳೆಯ ಅಭ್ಯಾಸವನ್ನು ಬಿಡಬೇಕು. ಶರಿನ್ ಮೆಕ್ಲಿಯೊಡ್ ಮತ್ತು ಕ್ಯಾಥರಿನ್ ಕ್ರೋ 2018ರಲ್ಲಿ 27 ಭಾಷೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಐದು ವರ್ಷದ ಹೊತ್ತಿಗೆ ಮಕ್ಕಳು ತಮ್ಮ ಭಾಷೆಯ ಬಹುಪಾಲು ವ್ಯಂಜನಗಳನ್ನು ಸರಿಯಾಗಿ ಹೇಳುತ್ತಾರೆ ಎಂಬುದು ಅವರು ಕಂಡದ್ದು. ‘ಕ’ವನ್ನು ‘ತ’ ಎನ್ನುವುದಂತೂ ನಾಲ್ಕರ ಹೊತ್ತಿಗೆ ನಿಂತಿರಬೇಕು.

ಆರು ಏಳು ವರ್ಷಕ್ಕೆ ಮುಂದಿನ ಹಾಲುಹಲ್ಲು ಬಿದ್ದಾಗ ‘ಸ’ ಸೋರಿಹೋಗುವುದು ಉಂಟು. ಹೊಸ ಹಲ್ಲು ಬಂದ ಮೇಲೆ ಅದು ತಾನಾಗಿ ಸರಿಹೋಗುತ್ತದೆ. ಅದಕ್ಕೆ ಯಾರೂ ಆಸ್ಪತ್ರೆಗೆ ಓಡಬೇಕಿಲ್ಲ.

ಮೊದಲು ಕಿವಿ

ಉಚ್ಚಾರಣೆ ಸರಿಯಿಲ್ಲ ಎಂದಾಗ ಎಲ್ಲರೂ ನೋಡುವುದು ನಾಲಿಗೆಯನ್ನು. ಮೊದಲು ನೋಡಬೇಕಾದದ್ದು ಕಿವಿಯನ್ನು. ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ‘ಆ’, ‘ಓ’ ಮುಂತಾದ ಸ್ವರಗಳ ಶಕ್ತಿಯ ಹೆಚ್ಚು ಭಾಗ ಕಡಿಮೆ ಆವೃತ್ತಿಯಲ್ಲಿದೆ, ಸುಮಾರು 1000 ಹರ್ಟ್ಸ್‌ನ ಆಸುಪಾಸು ಮತ್ತು ಅದಕ್ಕಿಂತ ಕೆಳಗೆ. ‘ಸ’ ಹಾಗಲ್ಲ. ಹಲ್ಲಿನ ಸಂದಿಯಿಂದ ನುಗ್ಗುವ ಗಾಳಿಯ ಸದ್ದು ಅದು. ಅದರ ಶಕ್ತಿಯ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲೆ. ಸದ್ದೂ ಸಣ್ಣದು. ಒಂದು ಮಗುವಿಗೆ ಕಡಿಮೆ ಆವೃತ್ತಿ ಚೆನ್ನಾಗಿ ಕೇಳಿ, ಹೆಚ್ಚಿನ ಆವೃತ್ತಿ ಮಾತ್ರ ಕೇಳಿಸದಿದ್ದರೆ ಏನಾಗುತ್ತದೆ? ಬಾಗಿಲು ಬಡಿದರೆ ತಿರುಗುತ್ತದೆ. ಕರೆದರೆ ಓಡಿ ಬರುತ್ತದೆ. ತಟ್ಟೆ ಬಿದ್ದರೆ ಬೆಚ್ಚುತ್ತದೆ. ಮನೆಯವರು ಕಿವಿ ಚುರುಕಾಗಿದೆ ಎಂದುಕೊಳ್ಳುತ್ತಾರೆ. ಆದರೆ ‘ಸ’, ‘ಶ’ ಅದರ ಲೋಕದಲ್ಲಿ ಇಲ್ಲವೇ ಇಲ್ಲ. ಕೇಳದ ಅಕ್ಷರವನ್ನು ಹೇಳುವುದು ಹೇಗೆ? ತಟ್ಟೆ ಬಡಿದು ಮಾಡುವ ಮನೆ ಪರೀಕ್ಷೆಯನ್ನು ನಂಬಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು, ನೆಗಡಿ. ಮೂಗಿನ ಹಿಂಭಾಗದಿಂದ ನಡುಕಿವಿಗೆ ಒಂದು ಸಣ್ಣ ನಾಳ ಇದೆ. ಪಠ್ಯಪುಸ್ತಕದ ಯೂಸ್ಟೇಷಿಯನ್ ನಾಳ. ದೊಡ್ಡವರಲ್ಲಿ ಇದು ಓರೆಯಾಗಿ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಅದರಿಂದ ಪದೇ ಪದೇ ನೆಗಡಿಯಾಗುವ ಮಗುವಿನ ನಡುಕಿವಿಯಲ್ಲಿ ದ್ರವ ನಿಲ್ಲುವುದು ಸುಲಭ. ನೋವು ಇರಬೇಕೆಂದಿಲ್ಲ, ಕಿವಿ ಸೋರಬೇಕೆಂದೂ ಇಲ್ಲ. ನೀರಿನಲ್ಲಿ ಮುಳುಗಿ ಮಾತು ಕೇಳಿಸಿಕೊಂಡಂತೆ ಮಗು ವಾರಗಟ್ಟಲೆ ಕೇಳಿಸಿಕೊಳ್ಳುತ್ತದೆ. ಟಿ.ವಿ. ಸದ್ದು ಹೆಚ್ಚಿಸುವುದು, ‘ಆಂ?’ ಎಂದು ಪದೇ ಪದೇ ಕೇಳುವುದು, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗದಿರುವುದು ಇದರ ಗುರುತು. ನುರಿತವರು ಯಂತ್ರದಲ್ಲಿ ಪರೀಕ್ಷಿಸಿದರೆ ಇದು ಗೊತ್ತಾಗುತ್ತದೆ, ಬಹಳ ಸಲ ವಾಸಿಯೂ ಆಗುತ್ತದೆ.

ಕಿವಿಯ ನಂತರ ಅಂಗುಳ. ಸೀಳು ಅಂಗುಳ ಇರುವ ಮಕ್ಕಳಲ್ಲಿ ಬಾಯಿಯ ಗಾಳಿ ಮೂಗಿಗೆ ಸೋರುತ್ತದೆ. ‘ಬ’ ಎನ್ನಲು ಹೋದರೆ ‘ಮ’ ಆಗುತ್ತದೆ. ತುಟಿ ಸರಿಯಾಗಿದ್ದು, ಒಳಗಿನ ಚರ್ಮದ ಕೆಳಗೆ ಸ್ನಾಯು ಮಾತ್ರ ಸೀಳಿರುವುದೂ ಉಂಟು. ಅದು ಕಣ್ಣಿಗೆ ಬೀಳುವುದಿಲ್ಲ. ಒಣಗಿದ ತಣ್ಣನೆಯ ಸ್ಟೀಲ್ ಚಮಚವನ್ನು ಮೂಗಿನ ಹೊಳ್ಳೆಯ ಕೆಳಗೆ ಹಿಡಿದು ಮಗುವಿನಿಂದ ‘ಪಾಪ, ಪಾಪ, ಪಾಪ’ ಹೇಳಿಸಿ. ಉಸಿರು ಬಿಡುವಾಗ ಅಲ್ಲ, ಹೇಳುವಾಗಲೇ ಪ್ರತಿ ಸಲ ಚಮಚ ಮಂಜಾಗುತ್ತಿದ್ದರೆ ವೈದ್ಯರಿಗೆ ತಿಳಿಸಿ.

ನಾಲಿಗೆಯ ಮೇಲೆ ಅಪವಾದ

ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುವುದು ಕೆಲವು ಮಕ್ಕಳಲ್ಲಿ ಇದೆ. ಆದರೆ ಎಲ್ಲ ಅಸ್ಪಷ್ಟ ಮಾತಿಗೂ ಅದನ್ನೇ ಹೊಣೆ ಮಾಡುವಂತಿಲ್ಲ. ಸ್ವಲ್ಪ ಯೋಚಿಸಿ. ‘ತಾದೆ’ ಎನ್ನುವ ಮಗು ನಾಲಿಗೆಯ ತುದಿಯನ್ನು ಹಲ್ಲಿನವರೆಗೆ ಎತ್ತಿ ‘ತ’ ಎನ್ನುತ್ತಿದೆ. ಅದಕ್ಕೆ ಬಾರದಿರುವುದು ನಾಲಿಗೆಯ ಹಿಂಭಾಗದ ಅಕ್ಷರ. ತುದಿಯ ಕೆಳಗಿನ ಪೊರೆ ಕತ್ತರಿಸಿದರೆ ಹಿಂಭಾಗದ ‘ಕ’ ಬರುವುದು ಹೇಗೆ? ಕತ್ತರಿ ಹಾಕಿಸುವ ಮುಂಚೆ ವಾಕ್ ತಜ್ಞರ ಅಭಿಪ್ರಾಯ ಕೇಳಲೇಬೇಕು.

ಬಜೆ ತೇಯ್ದು ನಾಲಿಗೆಗೆ ಸವರುವ ಪದ್ಧತಿ ನಮ್ಮ ಕಡೆ ಮನೆ ಮನೆಯಲ್ಲೂ ಇತ್ತು, ಈಗಲೂ ಇದೆ. ಅದರಿಂದ ‘ರ’ ಬಂತು ಎಂಬುದಕ್ಕೆ ಪುರಾವೆ ಇಲ್ಲ. ಜೇನುತುಪ್ಪದಲ್ಲಿ ತೇಯ್ದು ಕೊಡುವವರು ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು ಎಂಬುದನ್ನು ತಿಳಿದಿರಬೇಕು. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಗೆ ಕಾರಣವಾಗುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಇರಬಹುದು. ಇನ್ನು ಪೀಪಿ ಊದಿಸುವುದು, ಬಲೂನು ಉಬ್ಬಿಸುವುದು, ನಾಲಿಗೆ ಹೊರಗೆ ಚಾಚಿ ಅತ್ತಿತ್ತ ಆಡಿಸುವುದು. ಇವೂ ಬಹಳ ಕಡೆ ನಡೆಯುತ್ತವೆ. ಮಕ್ಕಳಿಗೆ ಇದು ಮೋಜು, ಬೇಡವೆನ್ನಬೇಕಿಲ್ಲ. ಆದರೆ ಅಕ್ಷರ ಕಲಿಯಲು ಅಕ್ಷರವನ್ನೇ ಹೇಳಬೇಕು. ಬಲೂನು ಊದಿದವನಿಗೆ ಬಲೂನು ಊದಲು ಬರುತ್ತದೆ, ಅಷ್ಟೆ.

ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಹೀಗಾಗಿದೆ, ಒಂದನ್ನು ಬಿಟ್ಟುಬಿಡಿ ಎಂಬ ಸಲಹೆಯೂ ಸುತ್ತಾಡುತ್ತದೆ. ತುಳು, ಕೊಂಕಣಿ, ಉರ್ದು, ತೆಲುಗು ಮನೆಯಲ್ಲಿ, ಕನ್ನಡ ಬೀದಿಯಲ್ಲಿ, ಇಂಗ್ಲಿಷ್ ಶಾಲೆಯಲ್ಲಿ ಎಂದು ಬೆಳೆದ ಕೋಟ್ಯಂತರ ಜನ ಈ ನಾಡಿನಲ್ಲಿ ಸ್ಪಷ್ಟವಾಗಿಯೇ ಮಾತಾಡುತ್ತಿದ್ದೇವೆ. ಎರಡು ಭಾಷೆ ಉಚ್ಚಾರಣಾ ದೋಷವನ್ನು ಹುಟ್ಟಿಸುವುದಿಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಅಜ್ಜಿಯ ಮಾತು ತಪ್ಪುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಆಡುನುಡಿಯನ್ನು ದೋಷವೆನ್ನುವುದಂತೂ ನಮ್ಮ ಶಾಲೆಗಳ ಹಳೆಯ ಚಾಳಿ. ಮಂಡ್ಯದ ಕಡೆಯ ಹುಡುಗ ‘ಹಾಲು’ ಎನ್ನದೆ ‘ಆಲು’ ಎಂದರೆ, ‘ಶಾಲೆ’ಗೆ ‘ಸಾಲೆ’ ಎಂದರೆ ಅವನ ನಾಲಿಗೆಯಲ್ಲಿ ಏನೂ ತೊಂದರೆ ಇಲ್ಲ. ಅವನು ತನ್ನ ಅಪ್ಪ ಅಮ್ಮನ ಮಾತನ್ನು ಸರಿಯಾಗಿ ಕಲಿತಿದ್ದಾನೆ. ಮಹಾಪ್ರಾಣವೂ ಹಾಗೆಯೇ. ದಿನನಿತ್ಯದ ಕನ್ನಡ ಮಾತಿನಲ್ಲಿ ಮಹಾಪ್ರಾಣವೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಅವರ ಬರವಣಿಗೆಯ ಸುಧಾರಣೆಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ, ಆದರೆ ಕಿವಿಗೆ ಕೇಳಿಸುವುದನ್ನು ಅಲ್ಲಗಳೆಯುವುದು ಕಷ್ಟ. ಶಿಷ್ಟ ಉಚ್ಚಾರಣೆಯನ್ನು ತರಗತಿಯಲ್ಲಿ ಕಲಿಸಲಿ, ಬೇಡವೆಂದವರು ಯಾರು? ಕಲಿಸುವುದು ಬೇರೆ, ರೋಗವೆನ್ನುವುದು ಬೇರೆ. ಸುತ್ತಮುತ್ತಲಿನ ದೊಡ್ಡವರು ಹೇಗೆ ಹೇಳುತ್ತಾರೋ ಹಾಗೆ ಮಗು ಹೇಳಿದರೆ ಅದು ಸರಿಯಾದ ಉಚ್ಚಾರಣೆ.

ಮನೆಯ ಪಾಠ

ಎಲ್ಲಕ್ಕಿಂತ ಮೊದಲು ನಿಲ್ಲಿಸಬೇಕಾದದ್ದು ‘ಸರಿಯಾಗಿ ಹೇಳು, ಇನ್ನೊಂದು ಸಲ ಹೇಳು’ ಎಂಬ ಒತ್ತಾಯ. ಮಗುವಿಗೆ ಸರಿಯಾಗಿ ಹೇಳಲು ಬಂದಿದ್ದರೆ ಹೇಳುತ್ತಿತ್ತು. ನಾಲ್ಕು ಸಲ ಹೀಗೆ ಹೇಳಿಸಿಕೊಂಡ ಮಗು ಐದನೆಯ ಸಲ ಕಾಗೆಯನ್ನು ತೋರಿಸುವುದೇ ಇಲ್ಲ. ಅದರ ಬದಲು ಹೀಗೆ ಮಾಡಬಹುದು. ಮಗು ‘ತಾದೆ ಬಂತು’ ಎಂದಿತು. ನೀವು, ‘ಹೌದಲ್ಲ, ಕಾಗೆ ಬಂತು. ಕಪ್ಪು ಕಾಗೆ. ಕಾಗೆ ಕೂಗ್ತಾ ಇದೆ, ಕಾ ಕಾ’ ಎನ್ನಿ. ತಿದ್ದಿದ್ದು ಗೊತ್ತಾಗುವುದಿಲ್ಲ, ಸರಿಯಾದ ಅಕ್ಷರ ಐದಾರು ಸಲ ಕಿವಿಗೆ ಬಿದ್ದಿರುತ್ತದೆ. ಮಾತಾಡುವಾಗ ಮಗುವಿನ ಮಟ್ಟಕ್ಕೆ ಕುಕ್ಕರುಗಾಲಿನಲ್ಲಿ ಕೂತು ನಿಮ್ಮ ಮುಖ ಕಾಣುವಂತೆ ಮಾಡಿ. ಟಿ.ವಿ., ಮೊಬೈಲು ಆರಿಸಿ. ಮಗುವಿನ ತಪ್ಪು ಮಾತನ್ನು ನೀವೂ ಮುದ್ದಿಗೆಂದು ಆಡಬೇಡಿ. ನೆಂಟರ ಮುಂದೆ ಹೇಳಿಸುವುದಂತೂ ಬೇಡವೇ ಬೇಡ.

ನಾಲ್ಕು ದಾಟಿದ ಮಗುವಿಗೆ ಜೋಡಿ ಚಿತ್ರದ ಆಟ ಬಹಳ ಉಪಯುಕ್ತ. ತಜ್ಞರೂ ಇದನ್ನು ಬಳಸುತ್ತಾರೆ. ಒಂದೇ ಅಕ್ಷರ ಬದಲಾದರೆ ಅರ್ಥವೇ ಬದಲಾಗುವ ಪದಗಳ ಜೋಡಿ ಬೇಕು. ಕ ಮತ್ತು ತಕ್ಕೆ ‘ಕಾಯಿ–ತಾಯಿ’, ‘ಕಟ್ಟು–ತಟ್ಟು’. ಸ ಮತ್ತು ಚಕ್ಕೆ ‘ಸಾಕು–ಚಾಕು’. ರ ಮತ್ತು ಲಕ್ಕೆ ‘ಹುರಿ–ಹುಲಿ’, ‘ಹಾರು–ಹಾಲು’. ಬ ಮತ್ತು ಮಕ್ಕೆ ‘ಬಳೆ–ಮಳೆ’. ಲ ಮತ್ತು ಳಕ್ಕೆ ‘ಹಲ್ಲಿ–ಹಳ್ಳಿ’. ಕನ್ನಡದಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ಹುಡುಕುವುದು ದೊಡ್ಡ ಮಕ್ಕಳಿಗೂ ಒಳ್ಳೆಯ ಆಟ. ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ತೆಂಗಿನಕಾಯಿ ಒಂದು, ತಾಯಿ ಒಂದು ಚಿತ್ರ ಬರೆಯಿರಿ. ಮೊದಲ ಕೆಲವು ದಿನ ನೀವು ಹೇಳಿ, ಮಗು ಎತ್ತಿಕೊಡಲಿ. ಇಲ್ಲಿ ಮಗು ಮಾತಾಡಬೇಕಿಲ್ಲ, ಕೇಳಿದರೆ ಸಾಕು. ತಪ್ಪದೆ ಎತ್ತಿಕೊಡಲು ಬಂದ ಮೇಲೆ ಪಾತ್ರ ಬದಲಿಸಿ. ಈಗ ಮಗು ಹೇಳಬೇಕು, ನೀವು ಎತ್ತಿಕೊಡಬೇಕು. ಮಗು ಮನಸ್ಸಿನಲ್ಲಿ ಕಾಯಿ ಎಂದುಕೊಂಡು ‘ತಾಯಿ’ ಎಂದರೆ ನೀವು ತಾಯಿಯ ಚಿತ್ರವನ್ನೇ ಕೊಡಿ. ಮಗು ‘ಅದಲ್ಲ!’ ಎನ್ನುತ್ತದೆ. ‘ಓ, ಕಾಯಿಯಾ? ನನಗೆ ತಾಯಿ ಅಂತ ಕೇಳಿಸಿತು’ ಎನ್ನಿ. ನಾಲಿಗೆ ಎಲ್ಲಿ ಇಟ್ಟರೆ ಏನು ಸಿಗುತ್ತದೆ ಎಂಬುದು ಬೈಗುಳವಿಲ್ಲದೆ ಅದಕ್ಕೆ ಗೊತ್ತಾಗುತ್ತದೆ. ಮೂರು ನಾಲ್ಕು ಸಲ ಪ್ರಯತ್ನಿಸಿಯೂ ಬಾರದಿದ್ದರೆ ಅಂದಿಗೆ ಆಟ ನಿಲ್ಲಿಸಿ, ಬೇರೆ ಏನಾದರೂ ಆಡಿ.

ಅಕ್ಷರವೇ ಹುಟ್ಟದಿದ್ದರೆ ಕೆಲವು ಉಪಾಯಗಳಿವೆ. ‘ಕ’ಕ್ಕೆ, ಮಗುವನ್ನು ಅಂಗಾತ ಮಲಗಿಸಿದರೆ ನಾಲಿಗೆ ತನ್ನ ಭಾರಕ್ಕೇ ಹಿಂದೆ ಜಾರುತ್ತದೆ. ಮಗು ಆಕಾಶ ನೋಡುತ್ತ ‘ಕಾ ಕಾ’ ಎನ್ನಲಿ. ಐದಾರು ವರ್ಷದ ಮಗುವಾದರೆ ನೀರು ಬಾಯಿಯಲ್ಲಿಟ್ಟು ಗಂಟಲಲ್ಲಿ ಗಳಗಳ ಮಾಡುವಾಗ ನಾಲಿಗೆಯ ಹಿಂಭಾಗ ಎಲ್ಲಿದೆ ಎಂದು ಗಮನಿಸಲು ಹೇಳಬಹುದು (ಮಲಗಿ ಮಾಡಿಸಬೇಡಿ, ನೆತ್ತಿಗೇರುತ್ತದೆ). ‘ಸ’ಕ್ಕೆ ಹಲ್ಲು ಮುಚ್ಚಿ ನಗುವಂತೆ ತುಟಿ ಅಗಲಿಸಿ ಹಾವಿನ ‘ಸ್ಸ್ಸ್’. ‘ರ’ಕ್ಕೆ ಆಟೋರಿಕ್ಷಾ ಸದ್ದು, ಅಥವಾ ‘ಡ’ವನ್ನು ಮೆತ್ತಗೆ, ಬೇಗ ಬೇಗ ‘ಡಡಡಡ’ ಎನ್ನಿಸುವುದು. ಕನ್ನಡಿಯ ಮುಂದೆ ಇಬ್ಬರೂ ಅಕ್ಕಪಕ್ಕ ಕೂತು ಮಾಡಿದರೆ ನೋಡಿ ಕಲಿಯಲು ಅನುಕೂಲ.

ಒಂದು ಸಲ ಅಕ್ಷರ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ‘ಕ’ ಬಿಡಿಯಾಗಿ ಬರುತ್ತದೆ, ‘ಕಾಯಿ’ಯಲ್ಲಿ ಬರುವುದಿಲ್ಲ. ಕಾಯಿಯಲ್ಲಿ ಬಂತು, ವಾಕ್ಯದಲ್ಲಿ ಬರುವುದಿಲ್ಲ. ವಾಕ್ಯದಲ್ಲೂ ಬಂತು, ಆಟದ ಗದ್ದಲದಲ್ಲಿ ಮತ್ತೆ ‘ತ’. ಸೈಕಲ್ ಕಲಿತ ಹುಡುಗ ಸಂತೆಯ ದಿನದ ರಸ್ತೆಯಲ್ಲಿ ತಡಬಡಾಯಿಸುವಂತೆ ಇದು. ದಿನಕ್ಕೆ ಎರಡು ಸಲ ಐದೈದು ನಿಮಿಷ ಮಾಡುವ ಅಭ್ಯಾಸ ಭಾನುವಾರ ಒಂದೇ ಸಲ ಒಂದು ಗಂಟೆ ಕೂರಿಸುವುದಕ್ಕಿಂತ ಮೇಲು. ಸ್ನಾನ ಮಾಡಿಸುವಾಗ, ಶಾಲೆಗೆ ನಡೆಯುವಾಗ ಮಾಡಿದರೆ ಅದಕ್ಕೆ ಬೇರೆ ಸಮಯವೂ ಬೇಡ.

ಶಾಲೆಯಲ್ಲಿ

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವವನು. ಇಂಥ ಮಕ್ಕಳು ನನ್ನ ಹತ್ತಿರ ಬರುವ ಹೊತ್ತಿಗೆ ಹದಿಮೂರು ದಾಟಿರುತ್ತದೆ. ಒಬ್ಬ ಹುಡುಗಿಯ ವಿಷಯ ಹೇಳಬೇಕು. ಬರವಣಿಗೆಯಲ್ಲಿ ತರಗತಿಗೇ ಮೊದಲು, ಬಾಯಿಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಒಮ್ಮೆ ಆಮ್ಲಗಳ ಪಾಠದಲ್ಲಿ ಪ್ರಶ್ನೆ ಕೇಳಿದಾಗ ‘ಗಂಧಕಾಮ್ಲ’ ಎಂದಳು. ನನ್ನ ಕಾಲದ ಪುಸ್ತಕದ ಪದ. ಈಗಿನ ಪುಸ್ತಕದಲ್ಲಿ ಸಲ್ಫ್ಯೂರಿಕ್ ಆಮ್ಲ ಎಂದೇ ಇದೆ. ಎಲ್ಲಿ ಕಲಿತೆಯಮ್ಮಾ ಎಂದರೆ ಉತ್ತರವಿಲ್ಲ. ಆಮೇಲೆ ಗಮನಿಸುತ್ತ ಹೋದೆ. ಅವಳ ‘ಸ’ ನಾಲಿಗೆಯ ಬದಿಯಿಂದ ಗಾಳಿ ಸೋರಿ ಒದ್ದೆಯಾಗಿ ಕೇಳುತ್ತಿತ್ತು. ಅದಕ್ಕಾಗಿ ‘ಸ’ ಇರುವ ಪದಗಳನ್ನೆಲ್ಲ ದಾಟಿಕೊಂಡು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಮನೆಯ ಹಳೆಯ ನಿಘಂಟು ತಿರುವಿ ಹಾಕಿ ಬೇರೆ ಪದ ಹುಡುಕಿಟ್ಟುಕೊಳ್ಳುತ್ತಿದ್ದಳಂತೆ. ಎಂಥ ಬುದ್ಧಿ, ಎಂಥ ಶ್ರಮ, ಯಾವುದಕ್ಕೆ ಖರ್ಚಾಗುತ್ತಿತ್ತು ನೋಡಿ! ಅವಳ ತಂದೆ ತಾಯಿಯನ್ನು ಕರೆಸಿ ಮಾತಾಡಿದೆ. ವಾಕ್ ಚಿಕಿತ್ಸೆಗೆ ಹೋಗತೊಡಗಿದಳು. ಒಂದು ವರ್ಷದ ಹತ್ತಿರ ಹಿಡಿಯಿತು. ಹತ್ತನೆಯ ತರಗತಿಯಲ್ಲಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಂದವರಿಗೆಲ್ಲ ಅವಳೇ ವಿವರಿಸಿದಳು, ಸಲ್ಫರ್ ಡೈಆಕ್ಸೈಡ್ ಸಮೇತ. ನಾಲ್ಕೈದು ವರ್ಷಕ್ಕೇ ಹೋಗಿದ್ದರೆ ಇಷ್ಟು ದಿನ ಬೇಕಾಗುತ್ತಿರಲಿಲ್ಲ ಎಂದು ಆ ಚಿಕಿತ್ಸಕಿ ಹೇಳಿದರಂತೆ.

ಓದು ಬರಹಕ್ಕೂ ಇದಕ್ಕೂ ನಂಟಿದೆ. ಶಾಲೆಗೆ ಸೇರುವ ಹೊತ್ತಿಗೂ ಮಾತು ಬಹಳ ಅಸ್ಪಷ್ಟವಾಗಿದ್ದರೆ ಅಂಥ ಕೆಲವು ಮಕ್ಕಳಿಗೆ ಅಕ್ಷರ ಕಲಿಕೆಯೂ ತೊಡಕಾಗುತ್ತದೆ. ಉಕ್ತಲೇಖನದಲ್ಲಿ ‘ಕಮಲ’ವನ್ನು ‘ತಮಲ’ ಎಂದು ಬರೆದರೆ ಕೆಂಪು ಶಾಯಿಯ ಅಡ್ಡಗೆರೆ ಎಳೆಯುವ ಮುಂಚೆ ಆ ಮಗು ಅದನ್ನು ಹೇಗೆ ಹೇಳುತ್ತದೆ ಎಂದು ಕೇಳಿಸಿಕೊಳ್ಳಿ ಎಂದು ಪ್ರಾಥಮಿಕ ಶಾಲೆಯ ನನ್ನ ಸಹೋದ್ಯೋಗಿಗಳಲ್ಲಿ ವಿನಂತಿ. ಗಟ್ಟಿಯಾಗಿ ಓದುವ ಸರದಿ ಬಂದಾಗ ಮಗುವನ್ನು ಬಿಟ್ಟುಬಿಡುವುದೂ ಸರಿಯಲ್ಲ, ನಿಲ್ಲಿಸಿ ಹತ್ತು ಸಲ ಹೇಳಿಸುವುದೂ ಸರಿಯಲ್ಲ. ಇಬ್ಬರು ಮೂವರು ಒಟ್ಟಿಗೆ ಓದುವಂತೆ ಮಾಡಿದರೆ ಮಗುವಿಗೆ ಧೈರ್ಯ. ಅಣಕಿಸುವವರನ್ನು ಮಾತ್ರ ಮೊದಲ ದಿನವೇ ತಡೆಯಬೇಕು. ಅಡ್ಡಹೆಸರು ಒಂದು ಸಲ ಅಂಟಿಕೊಂಡರೆ ಏಳನೆಯ ತರಗತಿಯವರೆಗೂ ಹೋಗುವುದಿಲ್ಲ.

ಯಾವಾಗ, ಎಲ್ಲಿಗೆ?

ಒಂದು ವರ್ಷವಾದರೂ ‘ಬಬಬ’ದಂಥ ಸದ್ದೇ ಇಲ್ಲ; ಎರಡೂವರೆ ವರ್ಷವಾದರೂ ಎರಡು ಪದ ಕೂಡಿಸುವುದಿಲ್ಲ; ಮೂರಕ್ಕೆ ಮನೆಯವರಿಗೇ ಅರ್ಥವಾಗುವುದಿಲ್ಲ; ನಾಲ್ಕಕ್ಕೆ ಹೊರಗಿನವರಿಗೆ ಅರ್ಥವಾಗುವುದಿಲ್ಲ; ಸ್ವರಗಳೇ ತಪ್ಪುತ್ತವೆ, ಒಂದೇ ಪದವನ್ನು ಒಂದೊಂದು ಸಲ ಒಂದೊಂದು ಬಗೆಯಾಗಿ ಹೇಳುತ್ತದೆ; ಮಾತು ಹೊರಡದೆ ಸಿಟ್ಟಿನಿಂದ ತಲೆ ಚಚ್ಚಿಕೊಳ್ಳುತ್ತದೆ. ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಬಂದಿದ್ದ ಮಾತು ಹೋಗುತ್ತಿದ್ದರಂತೂ ಯಾವ ವಯಸ್ಸೇ ಇರಲಿ, ಅದೇ ವಾರ ವೈದ್ಯರಿಗೆ ತೋರಿಸಿ.

ಈ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕೇಂದ್ರ ಆರೋಗ್ಯ ಇಲಾಖೆಯ ಈ ಸಂಸ್ಥೆ 1960ರ ದಶಕದ ನಡುವಿನಲ್ಲಿ ಶುರುವಾಯಿತು. ಕನ್ನಡ ಮಕ್ಕಳಿಗಾಗಿ ಚಿತ್ರ ತೋರಿಸಿ ಹೇಳಿಸುವ ಉಚ್ಚಾರಣಾ ಪರೀಕ್ಷೆ 1970ರ ದಶಕದಲ್ಲೇ ಅಲ್ಲಿ ತಯಾರಾಯಿತು. ಇಂಗ್ಲಿಷಿನ ಅಳತೆಗೋಲಿನಲ್ಲಿ ಕನ್ನಡದ ಮಗುವನ್ನು ಅಳೆಯಲಾಗದು ಎಂಬುದನ್ನು ಅವರು ಆಗಲೇ ಮನಗಂಡಿದ್ದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಮಂಗಳೂರು, ಮಣಿಪಾಲ, ಧಾರವಾಡಗಳಲ್ಲೂ ಈ ವಿಷಯದ ಕಾಲೇಜುಗಳಿದ್ದು ಅಲ್ಲಿ ಮಕ್ಕಳನ್ನು ನೋಡುತ್ತಾರೆ. ದೂರ ಹೋಗಲಾಗದವರು ಮೊದಲು ಅಂಗನವಾಡಿಯಲ್ಲಿ ಅಥವಾ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿಗೆ ಬರುವ ಆರೋಗ್ಯ ತಂಡ ಕಿವುಡು, ಸೀಳು ತುಟಿ ಮತ್ತು ಅಂಗುಳ, ಮಾತಿನ ವಿಳಂಬ ಇವನ್ನೂ ತಪಾಸಣೆ ಮಾಡಿ, ಅಗತ್ಯವಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕೆಂದಿದೆ. ಖಾಸಗಿಯವರ ಹತ್ತಿರ ಹೋಗುವವರು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಹೋಗುವ ಮುಂಚಿನ ಒಂದು ವಾರ, ಮಗು ತಪ್ಪಾಗಿ ಹೇಳುವ ಪದಗಳನ್ನು ಅದು ಹೇಳಿದಂತೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಒಂದು ಕಡೆ ‘ಕಾಗೆ’, ಎದುರಿಗೆ ‘ತಾದೆ’. ಮನೆಯಲ್ಲಿ ಆಡುತ್ತಿರುವಾಗ ಮೊಬೈಲಿನಲ್ಲಿ ಐದು ನಿಮಿಷದ ಮಾತನ್ನು ಗೊತ್ತಾಗದಂತೆ ರೆಕಾರ್ಡ್ ಮಾಡಿಕೊಳ್ಳಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿದ್ದರೆ ಅದೇ ಗತಿ. ಹಿಂದೆ ಕಿವಿ ತೋರಿಸಿದ್ದರೆ ಆ ಚೀಟಿ, ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಕಾಗದ ಜೊತೆಗಿರಲಿ. 'ಮಾತು ಪರೀಕ್ಷೆ ಮಾಡಿಸಲು ಹೋಗುತ್ತಿದ್ದೇವೆ' ಎಂದು ದಾರಿಯುದ್ದಕ್ಕೂ ಹೆದರಿಸಬೇಡಿ, ಚಿತ್ರ ನೋಡಿ ಹೆಸರು ಹೇಳುವ ಆಟ ಎನ್ನಿ. ಅಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಅದೇ. ತಿಂಡಿ ತಿನ್ನಿಸಿ ಬೆಳಿಗ್ಗೆಯೇ ಹೊರಡಿ. ನಿದ್ದೆಗಣ್ಣಿನ ಮಗುವಿನಿಂದ ಯಾವ ತಜ್ಞರೂ ಮಾತು ಹೊರಡಿಸಲಾರರು.